ಜಾಕ್ಸನ್ ಕೌಂಟಿಯಿಂದ ಶ್ವೇತಭವನಕ್ಕೆ: ಹ್ಯಾರಿ ಟ್ರೂಮನ್ ಏರಿದ ದಾರಿ

1934ರವರೆಗೂ ಹ್ಯಾರಿ ಟ್ರೂಮನ್ ಅವರ ಹೆಸರು ಮಿಸ್ಸೌರಿ ರಾಜ್ಯದ ಆಚೆ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ರಾಜ್ಯದ ಪಶ್ಚಿಮ ಅಂಚಿನಲ್ಲಿರುವ ಜಾಕ್ಸನ್ ಕೌಂಟಿಯಲ್ಲಿ ರಸ್ತೆ ಹಾಕಿಸುವುದು, ಸೇತುವೆ ರಿಪೇರಿ ಮಾಡಿಸುವುದು, ಆಸ್ಪತ್ರೆ ಮತ್ತು ವೃದ್ಧಾಶ್ರಮಗಳ ಖರ್ಚುವೆಚ್ಚ ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ವಯಸ್ಸು ಐವತ್ತು. ಕಾಲೇಜು ಪದವಿ ಇರಲಿಲ್ಲ. ಇಟ್ಟ ಅಂಗಡಿ ಮುಳುಗಿ, ಅದರ ಸಾಲದ ಹೊರೆ ಇನ್ನೂ ಬೆನ್ನ ಮೇಲಿತ್ತು. ಅದೇ ವ್ಯಕ್ತಿ ಹನ್ನೊಂದು ವರ್ಷ ಕಳೆಯುವುದರೊಳಗೆ, 1945ರ ಏಪ್ರಿಲ್ 12ರಂದು, ಅಮೆರಿಕದ 33ನೇ ಅಧ್ಯಕ್ಷರಾದರು. ಎರಡನೇ ಮಹಾಯುದ್ಧದ ಅಂತ್ಯ, ಅಣುಬಾಂಬ್, ಯುರೋಪಿನ ಪುನರ್ನಿರ್ಮಾಣ, ಕೊರಿಯಾ ಯುದ್ಧ ಎಲ್ಲವೂ ಅವರ ಮೇಜಿಗೆ ಬಂದವು.

ಇದು ಹೇಗಾಯಿತು ಎಂಬ ಪ್ರಶ್ನೆಗೆ ಮೂರು ಉತ್ತರಗಳು ಬಹಳ ಕಾಲದಿಂದ ಚಾಲ್ತಿಯಲ್ಲಿವೆ. ಅದೃಷ್ಟ ಕೈಹಿಡಿಯಿತು ಎನ್ನುವುದು ಒಂದು. ಕ್ಯಾನ್ಸಸ್ ಸಿಟಿಯ ರಾಜಕೀಯ ಧಣಿ ಟಾಮ್ ಪೆಂಡರ್‌ಗಾಸ್ಟ್ ಎತ್ತಿ ಕೂರಿಸಿದ ಎನ್ನುವುದು ಇನ್ನೊಂದು. ಪ್ರಾಮಾಣಿಕತೆ ಮತ್ತು ದುಡಿಮೆಗೆ ಸಿಕ್ಕ ಫಲ ಎನ್ನುವುದು ಮೂರನೆಯದು. ಮೂರಕ್ಕೂ ಪುರಾವೆಗಳಿವೆ. ಆದರೆ ಟ್ರೂಮನ್ ಕೌಂಟಿಯಲ್ಲಿ ಕಳೆದ ವರ್ಷಗಳನ್ನು ಹತ್ತಿರದಿಂದ ನೋಡಿದರೆ ಅವು ಬೇರೆ ಬೇರೆ ಉತ್ತರಗಳಾಗಿ ಉಳಿಯುವುದಿಲ್ಲ. ಲೆಕ್ಕ ಇಡುವುದನ್ನೂ ಧಣಿಯ ಜೊತೆ ಏಗುವುದನ್ನೂ ಅವರು ಒಂದೇ ಕಚೇರಿಯಲ್ಲಿ, ಒಟ್ಟಿಗೇ ಕಲಿತರು. ಮುಂದಿನ ಏಳಿಗೆಗೂ ಎಡವಟ್ಟುಗಳಿಗೂ ಬೇರು ಅಲ್ಲಿಯೇ ಇದೆ.

ಸ್ಥಳೀಯ ಹುದ್ದೆಯಿಂದ ಹೊರಟು ಶ್ವೇತಭವನ ಮುಟ್ಟಿದವರು ಅಮೆರಿಕದಲ್ಲಿ ವಿರಳ. ಮೇಯರ್ ಆಗಿದ್ದು ಅಧ್ಯಕ್ಷರಾದವರು ಮೂವರೇ. ದರ್ಜಿ ಆಂಡ್ರ್ಯೂ ಜಾನ್ಸನ್ ಟೆನೆಸಿಯ ಗ್ರೀನ್‌ವಿಲ್ ಪಟ್ಟಣದಲ್ಲಿ 1829ರಲ್ಲಿ ಪುರಸಭಾ ಸದಸ್ಯರಾಗಿ, ನಂತರ ಮೇಯರ್ ಆಗಿ, ಶಾಸನಸಭೆ, ಕಾಂಗ್ರೆಸ್, ಗವರ್ನರ್, ಸೆನೆಟ್ ಹೀಗೆ ಒಂದು ಮೆಟ್ಟಿಲನ್ನೂ ಬಿಡದೆ ಹತ್ತಿದರು. ಕ್ಯಾಲ್ವಿನ್ ಕೂಲಿಜ್ ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್ ನಗರಸಭೆಯಿಂದ ಶುರುಮಾಡಿ ಸುಮಾರು ಇಪ್ಪತ್ತೈದು ವರ್ಷಗಳಲ್ಲಿ ಅಧ್ಯಕ್ಷರಾದರು.

ಗ್ರೋವರ್ ಕ್ಲೀವ್‌ಲ್ಯಾಂಡ್ ಅವರದು ಎಲ್ಲರಿಗಿಂತ ವೇಗದ ಓಟ. 1882ರ ಜನವರಿಯಲ್ಲಿ ಬಫಲೋ ನಗರದ ಮೇಯರ್, 1883ರ ಜನವರಿಯಲ್ಲಿ ನ್ಯೂಯಾರ್ಕ್ ಗವರ್ನರ್, 1885ರ ಮಾರ್ಚ್‌ನಲ್ಲಿ ಅಧ್ಯಕ್ಷ. ಬಫಲೋ ನಗರಸಭೆ ಬೀದಿ ಗುಡಿಸುವ ಗುತ್ತಿಗೆಯನ್ನು ಅತಿ ಕಡಿಮೆ ದರ ಕೇಳಿದವರನ್ನು ಬಿಟ್ಟು, ಅವರಿಗಿಂತ ಒಂದು ಲಕ್ಷ ಡಾಲರಿಗೂ ಹೆಚ್ಚು ಕೇಳಿದವರಿಗೆ ಕೊಟ್ಟಾಗ ಅವರು ಅದನ್ನು ವೀಟೊ ಮಾಡಿದರು. ಆ ಒಂದು ವೀಟೊ ಅವರ ಹೆಸರನ್ನು ರಾಜ್ಯದ ತುಂಬ ಹರಡಿತು.

ಟ್ರೂಮನ್ ಇವರಲ್ಲಿ ಯಾರ ಹಾಗೂ ಅಲ್ಲ. ಅವರು ಮೇಯರ್ ಆಗಲಿಲ್ಲ, ಗವರ್ನರ್ ಆಗಲಿಲ್ಲ, ರಾಜ್ಯದ ಶಾಸನಸಭೆಯನ್ನೂ ಪ್ರವೇಶಿಸಲಿಲ್ಲ. ಕೌಂಟಿಯಿಂದ ನೇರವಾಗಿ ಸೆನೆಟ್‌ಗೆ ಹೋದರು. ಕ್ಲೀವ್‌ಲ್ಯಾಂಡ್ ಭ್ರಷ್ಟ ಕೂಟವನ್ನು ಎದುರು ಹಾಕಿಕೊಂಡು ಮೇಲೇರಿದರೆ, ಟ್ರೂಮನ್ ಅಂಥದೊಂದು ಕೂಟದ ಒಳಗೇ ಇದ್ದು ಮೇಲೇರಿದರು. ಅವರ ಕಥೆಯ ತೊಡಕಿರುವುದು ಇಲ್ಲಿ.

ರಸ್ತೆಯ ಕೆಲಸ ಅವರಿಗೆ ಮನೆಯಲ್ಲೇ ಪರಿಚಯವಾಗಿತ್ತು. ಟ್ರೂಮನ್ ಹುಟ್ಟಿದ್ದು 1884ರ ಮೇ 8ರಂದು, ಮಿಸ್ಸೌರಿಯ ಲಮಾರ್‌ನಲ್ಲಿ. ಬೆಳೆದದ್ದು ಇಂಡಿಪೆಂಡೆನ್ಸ್ ಪಟ್ಟಣದಲ್ಲಿ. ಹೈಸ್ಕೂಲು ಮುಗಿಸಿ ರೈಲ್ವೆ ಕಾಮಗಾರಿಯಲ್ಲಿ ಹಾಜರಿ ಬರೆದರು, ಬ್ಯಾಂಕಿನಲ್ಲಿ ಗುಮಾಸ್ತರಾದರು. 1906ರಲ್ಲಿ ಗ್ರ್ಯಾಂಡ್‌ವ್ಯೂನ ಕುಟುಂಬದ ಜಮೀನಿಗೆ ಮರಳಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಸಾಯ ಮಾಡಿದರು. ತಂದೆ ಜಾನ್ ಟ್ರೂಮನ್ ಊರಿನ ರಸ್ತೆಗಳ ಮೇಲ್ವಿಚಾರಕರು. ರಸ್ತೆಯ ಕೆಲಸದಲ್ಲಿ ಬಂಡೆ ಎತ್ತಲು ಹೋಗಿ ಪೆಟ್ಟು ಮಾಡಿಕೊಂಡ ಅವರು 1914ರಲ್ಲಿ ತೀರಿಕೊಂಡರು. ಸ್ವಲ್ಪ ಕಾಲ ಮಗನೇ ಆ ಕೆಲಸ ವಹಿಸಿಕೊಂಡರು. ಅದೇ ಸುಮಾರಿಗೆ ಗ್ರ್ಯಾಂಡ್‌ವ್ಯೂನ ಪೋಸ್ಟ್‌ಮಾಸ್ಟರ್ ಕೂಡ ಆದರು.

ಮೊದಲ ಮಹಾಯುದ್ಧ ಅವರಿಗೆ ಜನರನ್ನು ಗಳಿಸಿಕೊಟ್ಟಿತು. 129ನೇ ಫೀಲ್ಡ್ ಆರ್ಟಿಲರಿಯ 'ಡಿ' ಬ್ಯಾಟರಿಗೆ ಅವರು ಕ್ಯಾಪ್ಟನ್. ಆ ತುಕಡಿಯಲ್ಲಿದ್ದವರು ಹೆಚ್ಚಾಗಿ ಕ್ಯಾನ್ಸಸ್ ಸಿಟಿಯ ಐರಿಷ್ ಕ್ಯಾಥೊಲಿಕ್ ಹುಡುಗರು. ಕ್ಯಾಪ್ಟನ್ ಗ್ರಾಮಾಂತರದ ಬ್ಯಾಪ್ಟಿಸ್ಟ್. ಫ್ರಾನ್ಸಿನ ರಣರಂಗದಲ್ಲಿ ಬೆಳೆದ ಆ ನಂಟು ಜೀವನಪೂರ್ತಿ ಉಳಿಯಿತು, ಮೊದಲ ಚುನಾವಣೆಯಲ್ಲಿ ಮತಗಳೂ ಆಯಿತು. ಸೈನ್ಯದಲ್ಲಿ ಪರಿಚಯವಾದ ಇನ್ನೊಬ್ಬರು ಜಿಮ್ ಪೆಂಡರ್‌ಗಾಸ್ಟ್, ಟಾಮ್ ಪೆಂಡರ್‌ಗಾಸ್ಟ್‌ನ ಅಣ್ಣ ಮೈಕ್‌ನ ಮಗ.

ಯುದ್ಧ ಮುಗಿಸಿ ಬಂದು ಸೈನ್ಯದ ಗೆಳೆಯ ಎಡ್ಡಿ ಜೇಕಬ್ಸನ್ ಜೊತೆ ಕ್ಯಾನ್ಸಸ್ ಸಿಟಿಯಲ್ಲಿ ಗಂಡಸರ ಉಡುಪಿನ ಅಂಗಡಿ ತೆರೆದರು. 1920ರ ದಶಕದ ಆರಂಭದ ಹಿಂಜರಿತಕ್ಕೆ ಸಿಕ್ಕಿ 1922ರಲ್ಲಿ ಅದು ಬಾಗಿಲು ಮುಚ್ಚಿತು. ಟ್ರೂಮನ್ ದಿವಾಳಿ ಅರ್ಜಿ ಹಾಕಲಿಲ್ಲ; ವರ್ಷಾನುಗಟ್ಟಲೆ ಸಾಲ ತೀರಿಸುತ್ತ ಹೋದರು. ಅಂಗಡಿ ಕುಸಿಯುತ್ತಿದ್ದ ಹೊತ್ತಿಗೇ ಮೈಕ್ ಪೆಂಡರ್‌ಗಾಸ್ಟ್ ಬಣದಿಂದ ಕೌಂಟಿ ಚುನಾವಣೆಗೆ ನಿಲ್ಲುವ ಆಹ್ವಾನ ಬಂತು. ಬಣಕ್ಕೆ ಹಳ್ಳಿಗರ ಮತ ತರಬಲ್ಲ, ಸೈನಿಕರ ಬಳಗ ಇರುವ, ಹೆಸರು ಕೆಡದ ಅಭ್ಯರ್ಥಿ ಬೇಕಿತ್ತು. ಟ್ರೂಮನ್‌ಗೆ ಸಂಬಳದ ಕೆಲಸ ಬೇಕಿತ್ತು.

ಜಡ್ಜ್ ಎಂದರೂ ನ್ಯಾಯಾಧೀಶರಲ್ಲ

ಟ್ರೂಮನ್ ಗೆದ್ದ ಹುದ್ದೆಯ ಹೆಸರು 'ಕೌಂಟಿ ಜಡ್ಜ್'. ಹೆಸರಿನಲ್ಲಿ ಮಾತ್ರ ನ್ಯಾಯಾಲಯ. ಮೂವರು ಸದಸ್ಯರ 'ಕೌಂಟಿ ಕೋರ್ಟ್' ವಿಚಾರಣೆ ನಡೆಸುತ್ತಿರಲಿಲ್ಲ. ತೆರಿಗೆ ದರ, ಬಜೆಟ್, ರಸ್ತೆ ಗುತ್ತಿಗೆ, ನೌಕರರ ನೇಮಕ ನಿರ್ಧರಿಸುತ್ತಿತ್ತು. ನಮ್ಮ ಹಳೆಯ ಡಿಸ್ಟ್ರಿಕ್ಟ್ ಬೋರ್ಡನ್ನು ನೆನೆದರೆ ಅದರ ಸ್ವರೂಪ ತಿಳಿಯುತ್ತದೆ. ಕೌಂಟಿಯ ಗ್ರಾಮೀಣ ಪೂರ್ವ ಭಾಗಕ್ಕೆ ಒಬ್ಬ ಸದಸ್ಯ, ಕ್ಯಾನ್ಸಸ್ ಸಿಟಿ ಇರುವ ಪಶ್ಚಿಮಕ್ಕೆ ಒಬ್ಬ, ಇಡೀ ಕೌಂಟಿಗೆ ಒಬ್ಬ ಅಧ್ಯಕ್ಷ. ನೂರಾರು ನೌಕರಿಗಳು, ಲಕ್ಷಾಂತರ ಡಾಲರುಗಳ ಗುತ್ತಿಗೆಗಳು ಈ ಮೂವರ ಸಹಿಯ ಮೇಲೆ ನಿಂತಿದ್ದವು. ರಾಜಕೀಯ ಕೂಟಗಳಿಗೆ ಇದರ ಮೇಲೆ ಕಣ್ಣಿದ್ದುದು ಅದಕ್ಕೇ.

1922ರಲ್ಲಿ ಪೂರ್ವ ಭಾಗದ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಟ್ರೂಮನ್ ಗೆದ್ದದ್ದು 300ಕ್ಕೂ ಕಡಿಮೆ ಮತಗಳಿಂದ. ಆ ಚುನಾವಣೆಯ ಸುತ್ತ ಒಂದು ಕಪ್ಪು ಅಧ್ಯಾಯವೂ ಇದೆ. ಕು ಕ್ಲಕ್ಸ್ ಕ್ಲಾನ್ ಆಗ ಕೌಂಟಿಯಲ್ಲಿ ಪ್ರಬಲವಾಗಿತ್ತು. ಅದರ ಬೆಂಬಲ ಪಡೆಯಲೆಂದು ಗೆಳೆಯರ ಸಲಹೆಯಂತೆ 10 ಡಾಲರ್ ಸದಸ್ಯತ್ವ ಶುಲ್ಕ ಸಂದಾಯವಾಯಿತು. ಕ್ಯಾಥೊಲಿಕರಿಗೆ ಕೆಲಸ ಕೊಡಬಾರದು ಎಂಬ ಷರತ್ತು ಬಂದಾಗ, ತಮ್ಮ ಬ್ಯಾಟರಿಯ ಹುಡುಗರಲ್ಲಿ ಹೆಚ್ಚಿನವರು ಕ್ಯಾಥೊಲಿಕರಾಗಿದ್ದ ಟ್ರೂಮನ್ ಒಪ್ಪಲಿಲ್ಲ. ಹಣ ವಾಪಸಾಯಿತು ಎಂಬುದು ಜೀವನಚರಿತ್ರೆಕಾರರು ಸಾಮಾನ್ಯವಾಗಿ ಕೊಡುವ ವಿವರ. ಅವರು ನಿರಾಕರಿಸಿದ್ದು ನಿಜ. ಮೊದಲು ಆ ಬಾಗಿಲವರೆಗೆ ಹೋಗಿದ್ದೂ ನಿಜ.

1924ರಲ್ಲಿ ಅವರು ಸೋತರು. ಜೀವನದಲ್ಲಿ ಸೋತ ಒಂದೇ ಚುನಾವಣೆ ಅದು. ಕೌಂಟಿಯ ಡೆಮಾಕ್ರಟರು ಆಗ ಎರಡು ಬಣವಾಗಿದ್ದರು: ಪೆಂಡರ್‌ಗಾಸ್ಟ್‌ನ 'ಮೇಕೆಗಳು', ಜೋ ಶಾನನ್‌ನ 'ಮೊಲಗಳು'. ಮೊಲಗಳು ಒಳಗಿಂದ ಕೈಕೊಟ್ಟರು, ಕ್ಲಾನ್ ಹೊರಗಿಂದ ಎದುರು ನಿಂತಿತು. ಕೆಲಸ ಕಳೆದುಕೊಂಡ ಟ್ರೂಮನ್ ಕ್ಯಾನ್ಸಸ್ ಸಿಟಿಯ ವಾಹನ ಮಾಲೀಕರ ಕ್ಲಬ್ಬಿಗೆ ಸದಸ್ಯರನ್ನು ಸೇರಿಸುವ ಕೆಲಸಕ್ಕೆ ಹೊರಟರು. ಕಾರು ಕೊಂಡ ಜನ ಕೆಸರು ರಸ್ತೆಗಳನ್ನು ಹೇಗೆ ಶಪಿಸುತ್ತಾರೆ ಎಂಬುದು ಅವರಿಗೆ ಮನೆಮನೆಯಲ್ಲೂ ಕೇಳಿಸಿತು. 1926ರಲ್ಲಿ ಬಣಗಳು ರಾಜಿಯಾದಾಗ ಅವರು ಇಡೀ ಕೌಂಟಿಯ ಅಧ್ಯಕ್ಷ ಸ್ಥಾನಕ್ಕೆ ಗೆದ್ದರು. 1930ರಲ್ಲಿ ಮತ್ತೆ ಗೆದ್ದರು.

ರಸ್ತೆಗಳು ಮತ್ತು ಧಣಿ

ಅಧ್ಯಕ್ಷರಾಗಿ ಟ್ರೂಮನ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕೌಂಟಿಯ ರಸ್ತೆಗಳನ್ನು ಎಂಜಿನಿಯರುಗಳಿಂದ ಅಳೆಸಿದ್ದು. ಎಡ್ವರ್ಡ್ ಸ್ಟೇಟನ್ ಮತ್ತು ಎನ್.ಟಿ. ವೀಚ್ ಎಂಬ ಇಬ್ಬರನ್ನು ನೇಮಿಸಿದರು. ಒಬ್ಬರು ಡೆಮಾಕ್ರಟ್, ಇನ್ನೊಬ್ಬರು ರಿಪಬ್ಲಿಕನ್. ಅವರ ವರದಿಯ ಆಧಾರದ ಮೇಲೆ 65 ಲಕ್ಷ ಡಾಲರ್ ಬಾಂಡ್ ಎತ್ತಿ ಕಾಂಕ್ರೀಟ್ ರಸ್ತೆ ಹಾಕುವ ಯೋಜನೆಯನ್ನು 1928ರಲ್ಲಿ ಮತದಾರರ ಮುಂದಿಟ್ಟರು. ಮೂರನೇ ಎರಡರಷ್ಟು ಮತ ಬೇಕಿತ್ತು. ಜನ ಒಪ್ಪುವುದಿಲ್ಲ ಎಂದೇ ಪೆಂಡರ್‌ಗಾಸ್ಟ್‌ನ ಎಣಿಕೆ. ದುಡ್ಡು ಎಲ್ಲಿ, ಯಾವ ರಸ್ತೆಗೆ ಖರ್ಚಾಗುತ್ತದೆ ಎಂದು ಬಿಡಿಸಿ ಹೇಳಿದರೆ ಒಪ್ಪುತ್ತಾರೆ ಎಂದು ಟ್ರೂಮನ್ ಊರೂರು ಸುತ್ತಿದರು. ರಸ್ತೆಯ ಬಾಂಡ್ ಗೆದ್ದಿತು. ಅದೇ ದಿನ ಬಿದ್ದುಹೋದ ಕೋರ್ಟ್‌ಹೌಸ್ ಪ್ರಸ್ತಾಪ, ರಸ್ತೆಗಳನ್ನು ಕಣ್ಣಾರೆ ಕಂಡ ಮೇಲೆ 1931ರಲ್ಲಿ ಗೆದ್ದಿತು.

ಆ ಕೋರ್ಟ್‌ಹೌಸ್‌ಗಾಗಿ ಅವರು ಸ್ವಂತ ಕಾರಿನಲ್ಲಿ ಸಾವಿರಾರು ಮೈಲಿ ತಿರುಗಿ ಬೇರೆ ಊರುಗಳ ಕಟ್ಟಡಗಳನ್ನು ನೋಡಿ ಬಂದರು. ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಕಂಡ ಕಟ್ಟಡ ಹಿಡಿಸಿ, ಅದರ ವಾಸ್ತುಶಿಲ್ಪಿ ಎಡ್ವರ್ಡ್ ನೀಲ್ಡ್ ಅವರನ್ನೇ ಸಲಹೆಗಾರರಾಗಿ ಕರೆಸಿಕೊಂಡರು. ಗ್ರ್ಯಾಂಡ್‌ವ್ಯೂನಲ್ಲಿ ತಾಯಿಯ ಜಮೀನಿನ ಒಂದು ಭಾಗ ರಸ್ತೆಗೆ ಹೋದಾಗ ಅದಕ್ಕೆ ಪರಿಹಾರ ಕೊಡಲಿಲ್ಲ. ಮಗ ಅಧ್ಯಕ್ಷನಾಗಿದ್ದುದೇ ಕಾರಣ.

ಗುತ್ತಿಗೆಗಳ ವಿಷಯದಲ್ಲಿ ಘರ್ಷಣೆ ತಪ್ಪಲಿಲ್ಲ. ಪೆಂಡರ್‌ಗಾಸ್ಟ್ ಸ್ವತಃ ರೆಡಿ-ಮಿಕ್ಸ್ ಕಾಂಕ್ರೀಟ್ ಕಂಪನಿಯ ಮಾಲೀಕ. ಆತನ ಸುತ್ತಲಿದ್ದ ಗುತ್ತಿಗೆದಾರರಿಗೆ ಕೌಂಟಿಯ ಕೆಲಸ ತಮ್ಮದೇ ಎಂಬ ಭಾವನೆ. ಟ್ರೂಮನ್ ಕಡಿಮೆ ದರದ ಟೆಂಡರಿಗೇ ಕೆಲಸ ಕೊಡುತ್ತೇನೆ ಎಂದು ಪಟ್ಟು ಹಿಡಿದರು. ಕೌಂಟಿಯ ಹೊರಗಿನವರಿಗೂ ಗುತ್ತಿಗೆ ಹೋಯಿತು. ಸಿಟ್ಟಾದ ಗುತ್ತಿಗೆದಾರರನ್ನು ಕೂರಿಸಿಕೊಂಡು ಪೆಂಡರ್‌ಗಾಸ್ಟ್ ಪಂಚಾಯಿತಿ ಮಾಡಿದ, ಕೊನೆಗೆ ಟ್ರೂಮನ್ ಮಾತಿಗೇ ಬಿಟ್ಟುಕೊಟ್ಟ ಎಂದು ಟ್ರೂಮನ್ ಮುಂದೆ ಹೇಳಿಕೊಂಡಿದ್ದಾರೆ. ಧಣಿಗೆ ಇದರಲ್ಲಿ ನಷ್ಟವೇನೂ ಇರಲಿಲ್ಲ. ಗ್ರಾಮೀಣ ಭಾಗದಲ್ಲಿ ಒಳ್ಳೆಯ ರಸ್ತೆ, ಕೆಡದ ಹೆಸರು ಎರಡೂ ಆತನ ಬಣಕ್ಕೆ ಮತ ತರುತ್ತಿದ್ದವು. ನೌಕರಿಗಳೂ ಬಣದವರಿಗೇ ಹೋಗುತ್ತಿದ್ದವು.

ಇದರ ಬೆಲೆಯನ್ನು ಟ್ರೂಮನ್ ತಾವೇ ಬರೆದಿಟ್ಟಿದ್ದಾರೆ. 1930ರ ದಶಕದ ಆರಂಭದಲ್ಲಿ ಅವರು ಕ್ಯಾನ್ಸಸ್ ಸಿಟಿಯ ಪಿಕ್‌ವಿಕ್ ಹೋಟೆಲಿನ ಕೋಣೆಯಲ್ಲಿ ಕೂತು, ಯಾರಿಗೂ ತೋರಿಸದೆ, ಹೋಟೆಲಿನ ಕಾಗದದ ಮೇಲೆ ಟಿಪ್ಪಣಿಗಳನ್ನು ಬರೆದರು. ಬಾಂಡ್ ಹಣದಲ್ಲಿ ದೊಡ್ಡ ಲೂಟಿ ಆಗದಂತೆ ತಡೆಯಲು, ಸಾಮಾನ್ಯ ಖಾತೆಯಿಂದ ಸುಮಾರು 10,000 ಡಾಲರನ್ನು ಧಣಿಯ ಕಡೆಯವನೊಬ್ಬ ಕದಿಯಲು ತಾವು ಬಿಡಬೇಕಾಯಿತು ಎಂದು ಅಲ್ಲಿ ಒಪ್ಪಿಕೊಂಡಿದ್ದಾರೆ. ತಾನು ಮಾಡಿದ್ದು ಸರಿಯೋ, ಅಪರಾಧದಲ್ಲಿ ಪಾಲುಗಾರನಾದೆನೋ ಎಂದು ತಮ್ಮನ್ನೇ ಕೇಳಿಕೊಂಡು ಉತ್ತರ ಗೊತ್ತಿಲ್ಲ ಎಂದಿದ್ದಾರೆ. ಇಷ್ಟು ನೇರವಾದ ಸಾಕ್ಷ್ಯವನ್ನು ತಮ್ಮ ವಿರುದ್ಧ ತಾವೇ ಬಿಟ್ಟುಹೋದ ಅಧ್ಯಕ್ಷರು ಅಪರೂಪ.

ಇತಿಹಾಸಕಾರರು ಈ ಕಾಗದಗಳನ್ನು ಬೇರೆ ಬೇರೆ ರೀತಿಯಲ್ಲಿ ಓದಿದ್ದಾರೆ. 1992ರಲ್ಲಿ ಬಂದು ಪುಲಿಟ್ಜರ್ ಪಡೆದ ಡೇವಿಡ್ ಮೆಕಲ್ಲೋ ಅವರ 'ಟ್ರೂಮನ್' ಮೆಚ್ಚುಗೆಯ ಕಣ್ಣಿನ ಜೀವನಚರಿತ್ರೆ. ಕೆಸರಿನಲ್ಲಿ ನಿಂತೂ ಕೈ ಕೊಳೆ ಮಾಡಿಕೊಳ್ಳದ ಮನುಷ್ಯನನ್ನು ಅದು ಕಾಣುತ್ತದೆ. 1995ರ ಅಲೊಂಜೊ ಹ್ಯಾಂಬಿ ಅವರ 'ಮ್ಯಾನ್ ಆಫ್ ದಿ ಪೀಪಲ್' ಹೆಚ್ಚು ಕಠಿಣ. ಮಹತ್ವಾಕಾಂಕ್ಷೆ ಮತ್ತು ಆತ್ಮಸಾಕ್ಷಿಯ ನಡುವಿನ ತಿಕ್ಕಾಟ ಅಲ್ಲಿ ಮುಖ್ಯವಾಗುತ್ತದೆ. ಟ್ರೂಮನ್ ಸ್ವಂತಕ್ಕೆ ಹಣ ಮಾಡಿಕೊಳ್ಳಲಿಲ್ಲ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ. 1940ರಲ್ಲಿ, ಅವರು ಸೆನೆಟರ್ ಆಗಿದ್ದಾಗಲೇ, ಕೌಂಟಿಯ ಶಾಲಾ ನಿಧಿಯಿಂದ ತೆಗೆದ ಸಾಲ ತೀರದೆ ತಾಯಿಯ ಜಮೀನು ಜಪ್ತಿಯಾಯಿತು. ತಾವೇ ಆಳಿದ ಕೌಂಟಿಯಲ್ಲಿ ಆಗ ಅವರ ವಿರೋಧಿಗಳು ಕುಳಿತಿದ್ದರು. ಎಂಬತ್ತು ದಾಟಿದ ತಾಯಿ ಮನೆ ಬಿಡಬೇಕಾಯಿತು.

ಯಾರೂ ಬೇಡವೆಂದ ಟಿಕೆಟ್

1934ರಲ್ಲಿ ಟ್ರೂಮನ್ ಬಯಸಿದ್ದು ಸೆನೆಟ್ ಅಲ್ಲ. ಪ್ರತಿನಿಧಿ ಸಭೆಯ ಸ್ಥಾನ ಕೇಳಿದ್ದರು. ಅದು ಬೇರೆಯವರ ಪಾಲಾಯಿತು. ಸೆನೆಟ್ ಟಿಕೆಟ್ಟನ್ನು ಪೆಂಡರ್‌ಗಾಸ್ಟ್ ಮೊದಲು ಬೇರೆಯವರಿಗೆ ತೋರಿಸಿದ. ಅವರು ಒಪ್ಪದಿದ್ದಾಗ ಟ್ರೂಮನ್ ಸರದಿ ಬಂತು. ಪ್ರಾಥಮಿಕ ಚುನಾವಣೆಯ ಅಂಕಿಗಳು ಆ ಕಾಲದ ರಾಜಕೀಯವನ್ನು ಬಿಚ್ಚಿಡುತ್ತವೆ. ಜಾಕ್ಸನ್ ಕೌಂಟಿಯಲ್ಲಿ ಟ್ರೂಮನ್‌ಗೆ ಸುಮಾರು 1,37,000 ಮತ, ಎದುರಾಳಿ ಜಾನ್ ಕಾಕ್ರನ್‌ಗೆ ಸುಮಾರು 1,500. ಸೇಂಟ್ ಲೂಯಿಯಲ್ಲಿ ಲೆಕ್ಕ ತಿರುವುಮುರುವು: ಕಾಕ್ರನ್‌ಗೆ ಲಕ್ಷಕ್ಕೂ ಮಿಕ್ಕಿ, ಟ್ರೂಮನ್‌ಗೆ 4,000ಕ್ಕೂ ಕಡಿಮೆ. ಎರಡೂ ನಗರಗಳ ಕೂಟಗಳು ತಂತಮ್ಮ ಪೆಟ್ಟಿಗೆ ತುಂಬಿಸಿದ್ದವು. ಹಳ್ಳಿಗಾಡಿನಲ್ಲಿ ಮಾತ್ರ ನಿಜವಾದ ಸ್ಪರ್ಧೆ ಇತ್ತು. ರಾಜ್ಯದ ಉದ್ದಗಲದ ಕೌಂಟಿ ಜಡ್ಜ್‌ಗಳ ಪರಿಚಯವಿದ್ದ, ಬೆಳೆ ಮತ್ತು ರಸ್ತೆಯ ಮಾತು ಬಲ್ಲ ರೈತ ಟ್ರೂಮನ್‌ಗೆ ಅಲ್ಲಿ ಮತ ಬಿತ್ತು. ಒಟ್ಟು ಅಂತರ ಸುಮಾರು 40,000.

ವಾಷಿಂಗ್ಟನ್‌ನಲ್ಲಿ ಅವರನ್ನು 'ಪೆಂಡರ್‌ಗಾಸ್ಟ್‌ನ ಸೆನೆಟರ್' ಎಂದು ಹೀಯಾಳಿಸಿದರು. 1936ರ ಕ್ಯಾನ್ಸಸ್ ಸಿಟಿ ಮತಪಟ್ಟಿ ಅಕ್ರಮಗಳಲ್ಲಿ ಫೆಡರಲ್ ವಕೀಲ ಮಾರಿಸ್ ಮಿಲಿಗನ್ 250ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆ ಕೊಡಿಸಿದರು. ಅದೇ ಮಿಲಿಗನ್ ಅವರ ಮರುನೇಮಕ 1938ರಲ್ಲಿ ಸೆನೆಟ್ ಮುಂದೆ ಬಂದಾಗ ವಿರೋಧಿಸಿದ್ದು ಒಬ್ಬರೇ ಒಬ್ಬರು: ಟ್ರೂಮನ್. 1939ರಲ್ಲಿ ಪೆಂಡರ್‌ಗಾಸ್ಟ್ ತೆರಿಗೆ ವಂಚನೆಗಾಗಿ ಜೈಲಿಗೆ ಹೋದ. ಟ್ರೂಮನ್ ಆತನನ್ನು ತೊರೆಯಲೂ ಇಲ್ಲ, ನಿಂದಿಸಲೂ ಇಲ್ಲ.

1940ರಲ್ಲಿ ಕೂಟದ ಬಲವಿಲ್ಲದೆ ಅವರು ಮರುಚುನಾವಣೆಗೆ ನಿಂತರು. ಎದುರಿಗೆ ಗವರ್ನರ್ ಲಾಯ್ಡ್ ಸ್ಟಾರ್ಕ್, ಜೊತೆಗೆ ಮಾರಿಸ್ ಮಿಲಿಗನ್. ಸೆಡೇಲಿಯಾದ ಸಭೆಯಲ್ಲಿ, ಬಹುಪಾಲು ಬಿಳಿಯರ ಮುಂದೆ, ಕಪ್ಪು ಜನರಿಗೂ ಕಾನೂನಿನ ಸಮಾನ ರಕ್ಷಣೆ ಸಿಗಬೇಕೆಂದು ಮಾತಾಡಿದರು. ಗುಲಾಮರನ್ನು ಇಟ್ಟುಕೊಂಡಿದ್ದ ಕುಟುಂಬದ ಮೊಮ್ಮಗನ ಬಾಯಲ್ಲಿ ಅದು ಸಣ್ಣ ಮಾತಲ್ಲ. ಕಪ್ಪು ಮತದಾರರು, ರೈಲ್ವೆ ಕಾರ್ಮಿಕರು ಜೊತೆ ನಿಂತರು. ಕೊನೆಯ ಗಳಿಗೆಯಲ್ಲಿ ಸೇಂಟ್ ಲೂಯಿಯ ಯುವ ಮುಖಂಡ ರಾಬರ್ಟ್ ಹ್ಯಾನೆಗನ್ ತಮ್ಮ ವಾರ್ಡುಗಳನ್ನು ಟ್ರೂಮನ್ ಕಡೆ ತಿರುಗಿಸಿದರು. ಗೆಲುವಿನ ಅಂತರ ಸುಮಾರು 8,000. ಸ್ಟಾರ್ಕ್ ಮತ್ತು ಮಿಲಿಗನ್ ವಿರೋಧಿ ಮತಗಳನ್ನು ಹಂಚಿಕೊಳ್ಳದಿದ್ದರೆ ಟ್ರೂಮನ್ ಅವರ ರಾಜಕೀಯ ಅಲ್ಲಿಗೇ ಮುಗಿಯುತ್ತಿತ್ತು. ಅದೃಷ್ಟದ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆದರೆ ಗೆದ್ದ ಮೇಲೆ ಅವರು ಮಾಡಿದ ಕೆಲಸವನ್ನು ಅದೃಷ್ಟದ ಖಾತೆಗೆ ಹಾಕಲಾಗದು. ಯುದ್ಧ ಸಿದ್ಧತೆಯ ಹೆಸರಿನಲ್ಲಿ ಎಲ್ಲೆಡೆ ಸೇನಾ ಶಿಬಿರಗಳು ಏಳುತ್ತಿದ್ದವು. ಎಷ್ಟು ಖರ್ಚಾದರೂ ಸರ್ಕಾರವೇ ತುಂಬಿಕೊಟ್ಟು ಮೇಲೆ ಲಾಭವನ್ನೂ ಕೊಡುವ ಗುತ್ತಿಗೆಗಳವು. ಟ್ರೂಮನ್ ಕಾರು ಹತ್ತಿ ಶಿಬಿರಗಳನ್ನು ನೋಡಲು ಹೊರಟರು. ಮಳೆಗೆ ಬಿಟ್ಟ ಸಾಮಗ್ರಿ, ಕೆಲಸವಿಲ್ಲದೆ ನಿಂತ ಕೂಲಿಗಳು, ಬಿಲ್ಲಿನಲ್ಲಿ ಮಾತ್ರ ಇದ್ದ ಕೆಲಸ ಇವೆಲ್ಲ ರಸ್ತೆ ಹಾಕಿಸಿದವರಿಗೆ ಒಂದೇ ನೋಟಕ್ಕೆ ತಿಳಿಯುವಂಥವು. 1941ರ ಮಾರ್ಚ್‌ನಲ್ಲಿ ಅವರ ಅಧ್ಯಕ್ಷತೆಯಲ್ಲಿ ತನಿಖಾ ಸಮಿತಿ ರಚನೆಯಾಯಿತು. ಆರಂಭದ ಅನುದಾನ 15,000 ಡಾಲರ್ ಮಾತ್ರ. ಓಹಾಯೊದಲ್ಲಿ ದೋಷವಿದ್ದೂ ಪಾಸಾದ ವಿಮಾನ ಎಂಜಿನುಗಳು, ಸುಳ್ಳು ಪರೀಕ್ಷಾ ವರದಿ ಹೊತ್ತು ಬಂದ ಉಕ್ಕಿನ ತಗಡುಗಳು ಸಮಿತಿಯ ಕೈಗೆ ಸಿಕ್ಕವು. ಸಮಿತಿ 1,000 ಕೋಟಿಯಿಂದ 1,500 ಕೋಟಿ ಡಾಲರ್ ಉಳಿಸಿತೆಂಬ ಅಂದಾಜಿದೆ. 1943ರ ಮಾರ್ಚ್‌ನಲ್ಲಿ 'ಟೈಮ್' ಪತ್ರಿಕೆ ಅವರನ್ನು ಮುಖಪುಟಕ್ಕೆ ತಂದಿತು.

1944ರ ಜುಲೈನಲ್ಲಿ ಶಿಕಾಗೊದಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶ. ಅಧ್ಯಕ್ಷ ರೂಸ್‌ವೆಲ್ಟ್ ಅವರ ಆರೋಗ್ಯ ಹದಗೆಟ್ಟಿರುವುದು ಹತ್ತಿರದವರಿಗೆಲ್ಲ ಕಾಣುತ್ತಿತ್ತು. ಉಪಾಧ್ಯಕ್ಷ ಹೆನ್ರಿ ವ್ಯಾಲೆಸ್ ದಕ್ಷಿಣದವರಿಗೂ ನಗರಗಳ ಮುಖಂಡರಿಗೂ ಬೇಡವಾಗಿದ್ದರು. ಜೇಮ್ಸ್ ಬರ್ನ್ಸ್ ಕಾರ್ಮಿಕ ಸಂಘಗಳಿಗೆ, ಕಪ್ಪು ಜನರಿಗೆ ಬೇಡ. ಎಲ್ಲರೂ ಒಪ್ಪಬಹುದಾದ ಹೆಸರು ಟ್ರೂಮನ್ ಅವರದು. ಆ ಹೆಸರನ್ನು ದಡ ಮುಟ್ಟಿಸಿದವರಲ್ಲಿ ಮುಖ್ಯರು ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷರಾಗಿದ್ದ ರಾಬರ್ಟ್ ಹ್ಯಾನೆಗನ್. ನಾಲ್ಕು ವರ್ಷದ ಹಿಂದೆ ಸೇಂಟ್ ಲೂಯಿಯ ವಾರ್ಡುಗಳನ್ನು ತಿರುಗಿಸಿದ್ದ ಅದೇ ಹ್ಯಾನೆಗನ್. ಎರಡನೇ ಸುತ್ತಿನಲ್ಲಿ ಟ್ರೂಮನ್ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ಆಯ್ಕೆಯಾದರು. ಪಕ್ಷ ಗೆದ್ದಿತು; 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡಾಗ ಅಧ್ಯಕ್ಷ ಪದವಿ ಟ್ರೂಮನ್‌ಗೆ ಬಂತು.

ಕೌಂಟಿಯಿಂದ ಬಂದದ್ದು, ಬಾರದ್ದು

ಕೌಂಟಿಯ ಅನುಭವಕ್ಕೆ ಸಿಗದ ವಿಷಯಗಳು ಬಹಳ ಇದ್ದವು. ಉಪಾಧ್ಯಕ್ಷರಾಗಿದ್ದ 82 ದಿನಗಳಲ್ಲಿ ರೂಸ್‌ವೆಲ್ಟ್ ಅವರ ಜೊತೆ ಪ್ರತ್ಯೇಕವಾಗಿ ಮಾತಾಡಿದ್ದು ಎರಡೇ ಬಾರಿ. ಅಣುಬಾಂಬ್ ಯೋಜನೆಯ ಪೂರ್ಣ ವಿವರ ಅವರಿಗೆ ತಿಳಿದದ್ದು ಅಧ್ಯಕ್ಷರಾಗಿ ಸುಮಾರು ಎರಡು ವಾರದ ಮೇಲೆ, ಏಪ್ರಿಲ್ 25ರಂದು. ಮೂರೂವರೆ ತಿಂಗಳಲ್ಲಿ ಹಿರೋಶಿಮಾ ಸುಟ್ಟುಹೋಯಿತು. ಆ ನಿರ್ಧಾರದ ಭಾರವನ್ನು ತೂಗಲು ಜಾಕ್ಸನ್ ಕೌಂಟಿಯ ಯಾವ ಪಾಠವೂ ಸಾಲದು. ವಿದೇಶಾಂಗದಲ್ಲಿ ಅವರು ಜಾರ್ಜ್ ಮಾರ್ಷಲ್, ಡೀನ್ ಅಚೆಸನ್ ಅಂಥವರನ್ನು ನಂಬಿ ನಡೆದರು.

ಆದರೂ ಹಳೆಯ ನಂಟುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. 1948ರ ಜುಲೈ 26ರಂದು ಸೇನೆಯಲ್ಲಿ ವರ್ಣಭೇದ ಕೊನೆಗೊಳಿಸುವ 9981ನೇ ಆದೇಶಕ್ಕೆ ಸಹಿ ಹಾಕಿದವರಿಗೆ ಸೆಡೇಲಿಯಾದ ಭಾಷಣವೂ ಮಿಸ್ಸೌರಿಯ ಕಪ್ಪು ಮತದಾರರೂ ನೆನಪಿದ್ದರು. ಆ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ರೈಲಿನಲ್ಲಿ ಊರೂರು ನಿಂತು ಮಾತಾಡಿ, ಎಲ್ಲ ಸಮೀಕ್ಷೆಗಳ ವಿರುದ್ಧ ರಿಪಬ್ಲಿಕನ್ ಅಭ್ಯರ್ಥಿ ಥಾಮಸ್ ಡ್ಯೂಯಿ ಅವರನ್ನು 303–189 ಎಲೆಕ್ಟೋರಲ್ ಮತಗಳಿಂದ ಸೋಲಿಸಿದರು. 1928ರಲ್ಲಿ ಬಾಂಡ್‌ಗಾಗಿ ಕೌಂಟಿ ಸುತ್ತಿದಾಗ ಹಿಡಿದ ಕ್ರಮವೇ ಅದು: ಜನರ ಊರಿಗೇ ಹೋಗಿ, ಅವರಿಗೆ ಏನು ಸಿಗುತ್ತದೆಂದು ನೇರವಾಗಿ ಹೇಳುವುದು.

ಕೆಟ್ಟ ಬಳುವಳಿಯೂ ಅಲ್ಲಿಂದಲೇ ಬಂತು. 1945ರ ಜನವರಿಯಲ್ಲಿ ಪೆಂಡರ್‌ಗಾಸ್ಟ್ ಸತ್ತಾಗ, ಉಪಾಧ್ಯಕ್ಷರಾಗಿ ವಾರ ಕಳೆದಿತ್ತಷ್ಟೇ, ಟ್ರೂಮನ್ ವಿಮಾನ ಹತ್ತಿ ಅಂತ್ಯಕ್ರಿಯೆಗೆ ಹೋದರು. ಕಷ್ಟದಲ್ಲಿ ನಿಂತವನನ್ನು ಬಿಡಬಾರದು ಎಂಬ ಆ ನಿಷ್ಠೆ ಒಬ್ಬ ಗೆಳೆಯನಲ್ಲಿ ದೊಡ್ಡ ಗುಣ. ಅಧ್ಯಕ್ಷರಲ್ಲಿ ಅದು ದೌರ್ಬಲ್ಯವಾಯಿತು. 1951ರಲ್ಲಿ ಸರ್ಕಾರಿ ಸಾಲ ನೀಡುವ ನಿಗಮದಲ್ಲಿ, ತೆರಿಗೆ ಇಲಾಖೆಯಲ್ಲಿ ಹಗರಣಗಳು ಹೊರಬಿದ್ದವು. ಕ್ಯಾನ್ಸಸ್ ಸಿಟಿ ದಿನಗಳ ಸಂಗಾತಿ, ಪಕ್ಷದ ಅಧ್ಯಕ್ಷ ವಿಲಿಯಂ ಬಾಯ್ಲ್ ರಾಜೀನಾಮೆ ಕೊಟ್ಟರು. ಆಪ್ತರ ಮೇಲೆ ಆರೋಪ ಬಂದಾಗ ಟ್ರೂಮನ್ ಮೊದಲು ಅವರ ಬೆನ್ನಿಗೆ ನಿಂತರು, ತನಿಖೆ ಆಮೇಲೆ ಬಂತು. ಸೆನೆಟ್ ಸಮಿತಿಯಲ್ಲಿ ಕಂಪನಿಗಳ ಲೆಕ್ಕ ಕೆದಕಿದ ಚುರುಕು ಇಲ್ಲಿ ಕಾಣಲಿಲ್ಲ. 1952ರ ಆರಂಭಕ್ಕೆ ಗ್ಯಾಲಪ್ ಸಮೀಕ್ಷೆಯಲ್ಲಿ ಅವರ ಜನಪ್ರಿಯತೆ ಶೇ. 22ಕ್ಕೆ ಇಳಿದಿತ್ತು. ಕೊರಿಯಾ ಯುದ್ಧ ಅದಕ್ಕೆ ದೊಡ್ಡ ಕಾರಣ, ಹಗರಣಗಳೂ ಸೇರಿಕೊಂಡಿದ್ದವು.

ನಂತರದ ದಶಕಗಳಲ್ಲಿ ಇತಿಹಾಸಕಾರರು ಅವರನ್ನು ಅಮೆರಿಕದ ಉತ್ತಮ ಅಧ್ಯಕ್ಷರ ಸಾಲಿಗೆ ಸೇರಿಸಿದ್ದಾರೆ. ಆ ಮರುಮೌಲ್ಯಮಾಪನ ಹೆಚ್ಚಾಗಿ ಮಾರ್ಷಲ್ ಯೋಜನೆ, ನೇಟೊ, ನಾಗರಿಕ ಹಕ್ಕುಗಳ ಮೇಲೆ ನಿಂತಿದೆ. ಕೌಂಟಿಯ ವರ್ಷಗಳು ಪೀಠಿಕೆಯ ಕೆಲವು ಪುಟಗಳಲ್ಲಿ ಮುಗಿದುಹೋಗುತ್ತವೆ. ಇದು ಸರಿಯಲ್ಲ. ತನಿಖಾ ಸಮಿತಿಯ ಟ್ರೂಮನ್ ಕಡಿಮೆ ದರದ ಟೆಂಡರಿಗೆ ಪಟ್ಟು ಹಿಡಿದ ಟ್ರೂಮನ್ನರೇ. 1951ರಲ್ಲಿ ಆಪ್ತರನ್ನು ಕಾಪಾಡಲು ಹೋದವರು ಹತ್ತು ಸಾವಿರ ಡಾಲರ್ ಹೋಗಲಿ ಎಂದು ಬಿಟ್ಟ ಟ್ರೂಮನ್ನರೇ. ಅವರನ್ನು ಸೆನೆಟ್‌ವರೆಗೆ ತಂದದ್ದು ಧಣಿಯ ಕೂಟ, ಅದರ ಕುಸಿತದಿಂದ ಪಾರುಮಾಡಿದ್ದು ಸ್ವಂತ ಹೆಸರು, ಆ ಹೆಸರನ್ನು ದುಡಿದದ್ದು ಕೌಂಟಿಯ ಕಾಂಕ್ರೀಟ್ ರಸ್ತೆಗಳಲ್ಲಿ. ಅಧ್ಯಕ್ಷ ಟ್ರೂಮನ್ ಅವರ ಗುಣದೋಷಗಳ ತನಿಖೆ ಶ್ವೇತಭವನದ ಕಡತಗಳಿಗಿಂತ ಮೊದಲು ಜಾಕ್ಸನ್ ಕೌಂಟಿಯ ಬಜೆಟ್ಟು, ಟೆಂಡರು ಮತ್ತು ಪಿಕ್‌ವಿಕ್ ಹೋಟೆಲಿನ ಆ ಕಾಗದಗಳಿಂದ ಶುರುವಾಗಬೇಕು.